ಕುಡಿಯದವನ ಲಿವರು

“ವಾರಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ?” ಎಂದು ಡಾಕ್ಟರು ಕೇಳಿದರು.

ಕುಡಿಯುವ ಅಭ್ಯಾಸವಿಲ್ಲ ಎಂದೆ.

ಅವರು ನನ್ನ ಹೊಟ್ಟೆಯ ಸ್ಕ್ಯಾನ್ ರಿಪೋರ್ಟನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಮಗ್ಗಿ ತಪ್ಪಿದ ಹುಡುಗನನ್ನು ಮತ್ತೆ ಕೇಳುವ ಮೇಷ್ಟ್ರ ತಾಳ್ಮೆಯಿಂದ, “ಅದು ಸರಿ. ವಾರಕ್ಕೆ ಎಷ್ಟು?” ಎಂದರು.

ತಿರುವನಂತಪುರದಲ್ಲಿ ನಾವಿರುವುದು ಉಳ್ಳೂರಿನಲ್ಲಿ. ಇಲ್ಲಿನ ಜಂಕ್ಷನ್ನಿನ ಸುತ್ತ ಚಹಾದಂಗಡಿಗಳಿಗಿಂತ ಲ್ಯಾಬುಗಳೇ ಹೆಚ್ಚು. ಅವುಗಳಲ್ಲಿ ಒಂದು, ಹುಟ್ಟಿದಂದಿನಿಂದ ಒಂದು ಹನಿ ಮದ್ಯ ನಾಲಿಗೆಗೆ ತಾಗಿಸದ ನನ್ನ ಲಿವರಿನಲ್ಲಿ ಕೊಬ್ಬು ಸೇರಿಕೊಂಡಿದೆ ಎಂದು ಬರೆದುಕೊಟ್ಟಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಶೈಲಜಾ ನನ್ನ ಸಹಾಯಕ್ಕೆ ಬಂದಳು. ಇವರು ನಿಜವಾಗಿಯೂ ಕುಡಿಯುವುದಿಲ್ಲ ಡಾಕ್ಟರೇ ಎಂದು ಮಲಯಾಳದಲ್ಲಿ ಹೇಳಿದಳು. ಡಾಕ್ಟರು ಅವಳನ್ನು ಬಹಳ ಕನಿಕರದಿಂದ ನೋಡಿದರು. ಗಂಡನ ಕುಡಿತವನ್ನು ಸೆರಗಿನಲ್ಲಿ ಮುಚ್ಚಿಡುವ ಎಷ್ಟು ಹೆಂಗಸರನ್ನು ಕಂಡಿದ್ದರೋ ಏನೋ, “ಹೆದರಬೇಡಿ, ಒಪ್ಪಿಕೊಳ್ಳುವುದೇ ಮೊದಲ ಹೆಜ್ಜೆ” ಎಂದು ಅವಳಿಗೇ ಧೈರ್ಯ ಹೇಳಿ ಕಳಿಸಿದರು.

ಆಟೋ ಹತ್ತುವವರೆಗೆ ತಡೆದುಕೊಂಡಿದ್ದ ಶೈಲಜಾ ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಕುಡಿದು ಹಾಳು ಮಾಡಿಕೊಂಡಿದ್ರೆ ಅದಕ್ಕಾದ್ರೂ ಒಂದು ಮರ್ಯಾದೆ ಉಂಟು. ನೆಲಗಡಲೆ ತಿಂದು ಲಿವರ್ ಹಾಳು ಮಾಡಿಕೊಂಡವರು ಲೋಕದಲ್ಲಿ ನೀವೊಬ್ಬರೇ ಇರ್ಬೇಕು ಮಾರಾಯ್ರೇ!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಮೊದಲು ಹೇಳಿದವನು ಯಾರೇ ಆಗಿರಲಿ, ಅವನು ಕುಡಿಯುವವರ ನಡುವೆ ಕುಡಿಯದೆ ಕುಳಿತವನೇ ಆಗಿರಬೇಕು. ನನಗೆ ಇದರಲ್ಲಿ ಯಾವ ಸಂಶಯವೂ ಉಳಿದಿಲ್ಲ.

ನೆಲಗಡಲೆಯ ಸಂಗತಿ ಹೇಳುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಕಾಸರಗೋಡು ಬಿಟ್ಟು ನಾನು ಮೊದಲು ಬಂದದ್ದು ಕೊಚ್ಚಿಯ ಪಕ್ಕದ ಏಲೂರಿಗೆ. ಸುತ್ತ ಗೊಬ್ಬರದ ಕಾರ್ಖಾನೆ, ರಾಸಾಯನಿಕದ ಕಾರ್ಖಾನೆ, ನಡುವೆ ನಮ್ಮ ಶಾಖೆ. ಆಗ ಅಲ್ಲಿ ಹೆಡ್ ಕ್ಯಾಶಿಯರ್ ಆಗಿದ್ದವನು ವರ್ಗೀಸ್. ನನಗಿಂತ ಒಂದೆರಡು ವರ್ಷ ದೊಡ್ಡವನಾದರೂ ನಮ್ಮೊಳಗೆ ಮೊದಲಿನಿಂದಲೂ ಏಕವಚನವೇ. ಪ್ರತಿ ಶನಿವಾರ ಸಂಜೆ ಅವನ ಬಾಡಿಗೆ ಮನೆಯ ತಾರಸಿಯಲ್ಲಿ ‘ಕಂಪನಿ’ ಸೇರುತ್ತಿತ್ತು. ಕಂಪನಿ ಎಂದರೆ ಇಲ್ಲಿ ಕಾರ್ಖಾನೆಯಲ್ಲ, ಒಂದು ಬಾಟಲಿಯ ಸುತ್ತ ಕುಳಿತ ನಾಲ್ಕೈದು ಜನ. ವರ್ಗೀಸ್, ನಮ್ಮ ಶಾಖೆಯ ಗುಮಾಸ್ತ ಶಶಿ, ಕಾರ್ಖಾನೆಯ ಇಬ್ಬರು ಎಂಜಿನಿಯರುಗಳು, ಮತ್ತು ಈ ಭಟ್ಟ. ನಾನು ಸಸ್ಯಾಹಾರಿ, ಮೇಲಾಗಿ ಕುಡಿಯದವನು ಎಂದು ತಿಳಿದ ಮೊದಲ ದಿನವೇ ನನ್ನ ಹೆಸರನ್ನು ಕಿತ್ತುಹಾಕಿ ‘ಸ್ವಾಮಿ’ ಎಂದು ಕರೆಯತೊಡಗಿದರು.

ಮದ್ಯದ ಜೊತೆ ಕುರುಕುವ ತಿಂಡಿಗೆ ಇಲ್ಲಿ ಟಚ್ಚಿಂಗ್ಸ್ ಎನ್ನುತ್ತಾರೆ. ಕುಡಿಯುವವರು ಅದನ್ನು ಸುಮ್ಮನೆ ಮುಟ್ಟುತ್ತಾರೆ, ಅಷ್ಟೆ. ಒಂದು ಗುಟುಕಿಗೆ ಒಂದು ಕಾಳು. ಕೈಯಲ್ಲಿ ಗ್ಲಾಸಿಲ್ಲದವನು ಏನು ಮಾಡಬೇಕು, ನೀವೇ ಹೇಳಿ. ಎರಡೂ ಕೈ ಖಾಲಿ, ಬಾಯಿ ಖಾಲಿ, ಎದುರಿಗೆ ಬಾಣಲೆಯಿಂದ ಈಗಷ್ಟೇ ಇಳಿದ ಬಾಳೆಕಾಯಿ ಚಿಪ್ಸು, ಉಪ್ಪು ಖಾರ ಹಚ್ಚಿದ ನೆಲಗಡಲೆ, ಎಣ್ಣೆಯಲ್ಲಿ ಕರಿದ ಮರಗೆಣಸು. “ಸ್ವಾಮಿಗೆ ಬೇರೆ ತಟ್ಟೆ” ಎಂದು ಮೀನು ತಾಗದ ಒಂದು ತಟ್ಟೆಯನ್ನು ಪ್ರೀತಿಯಿಂದ ನನ್ನ ಮುಂದೆ ಇಡುತ್ತಿದ್ದರು. ಅವರ ಬಾಟಲಿ ಇಳಿದ ಹಾಗೆ ನನ್ನ ತಟ್ಟೆಯೂ ಇಳಿಯುತ್ತಿತ್ತು. ಬಾಟಲಿ ಎರಡನೆಯದಾದರೆ ತಟ್ಟೆಯೂ ಎರಡನೆಯದು. ಅವರು ಕುಡಿದದ್ದು ಮೂತ್ರವಾಗಿ ಹರಿದುಹೋಯಿತು, ನಾನು ತಿಂದದ್ದು ಒಳಗೇ ನಿಂತಿತು.

ಬರೀ ತಿಂದುಕೊಂಡು ಕೂರಲು ಬಿಡುತ್ತಿದ್ದರೆ ನಾನು ಇಷ್ಟು ಗೊಣಗುತ್ತಿರಲಿಲ್ಲ. ಕುಡಿಯದವನ ತಲೆಯ ಮೇಲೆ ಬೀಳುವ ಕೆಲಸಗಳು ಒಂದೇ ಎರಡೇ! ಎಲ್ಲರನ್ನೂ ಮನೆಗೆ ತಲುಪಿಸುವುದು ನನ್ನ ಕೆಲಸ. ನನಗೆ ಕಾರು ಓಡಿಸಲು ಬರುವುದಿಲ್ಲ ಎಂದು ಗೊತ್ತಾದಾಗ ಬಿಟ್ಟುಬಿಟ್ಟರೆಂದು ತಿಳಿಯಬೇಡಿ. ವರ್ಗೀಸ್ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಡ್ರೈವಿಂಗ್ ಶಾಲೆಗೆ ಸೇರಿಸಿಬಂದ. ಲೈಸೆನ್ಸ್ ಬಂದ ದಿನ ಶಶಿ ತನ್ನ ಹಳೆಯ ಕಾರಿನ ಕೀಯನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದ. ಆಮೇಲೆ ನಾನು ಆ ಕಂಪನಿಯ ಸಾರಥಿ. ಭಗವಂತನೂ ಒಬ್ಬನಿಗೆ ಮಾತ್ರ ಸಾರಥ್ಯ ಮಾಡಿದ್ದು, ಅದೂ ಅವನು ವಾಂತಿ ಮಾಡುತ್ತಿರಲಿಲ್ಲ.

ಇನ್ನು ಅವರ ಹೆಂಡಂದಿರಿಗೆ ನಾನೇ ಜಾಮೀನು. ಶನಿವಾರ ಸಂಜೆ ಫೋನು ಬಂದರೆ ಕೇಳುವುದು ಒಂದೇ ಪ್ರಶ್ನೆ, “ಭಟ್ ಸಾರ್ ಇದ್ದಾರಲ್ಲ ಜೊತೆಗೆ?” ಇದ್ದಾರೆ ಎಂದರೆ ಅಲ್ಲಿಗೆ ಶಾಂತಿ. ಗಂಡ ಬಿದ್ದರೆ, ಎದ್ದರೆ, ಕಳೆದುಹೋದರೆ ಹೊಣೆ ಭಟ್ ಸಾರ್‌ದು. ಮೂರನೆಯ ಪೆಗ್ಗಿನ ನಂತರ ಪ್ರತಿಯೊಬ್ಬನೂ ತನ್ನ ಒಳಗಿನದನ್ನೆಲ್ಲ ನನ್ನ ಕಿವಿಗೆ ಸುರಿಯುತ್ತಿದ್ದ. ಅಪ್ಪನ ಮೇಲಿನ ಸಿಟ್ಟು, ಮದುವೆಗೆ ಮುಂಚಿನ ಪ್ರೇಮ, ಮೇನೇಜರನ ಮೇಲಿನ ದ್ವೇಷ, ಹೀಗೆ. ಸೋಮವಾರ ಬ್ಯಾಂಕಿನಲ್ಲಿ ಅವನೇ ನನ್ನ ಮುಖ ತಪ್ಪಿಸಿ ಓಡಾಡುತ್ತಿದ್ದ. ಉಳಿದವರೆಲ್ಲ ಮರೆತಿರುತ್ತಾರೆ, ನೆನಪಿಟ್ಟುಕೊಂಡಿರುವವನು ಈ ಸ್ವಾಮಿ ಒಬ್ಬನೇ ಎಂದು ಅವನಿಗೂ ಗೊತ್ತು. ನಾನು ಮಾಡಿದ ತಪ್ಪಾದರೂ ಏನು? ಎಚ್ಚರವಾಗಿದ್ದದ್ದು.

ಒಮ್ಮೆ ಫೋರ್ಟ್ ಕೊಚ್ಚಿಗೆ ಸುತ್ತಾಡಲು ಹೋದಾಗ ವರ್ಗೀಸ್ ಸರಕಾರಿ ಮದ್ಯದಂಗಡಿಯ ಸಾಲಿನಲ್ಲಿ ನಿಂತ. ಆ ಸಾಲನ್ನು ನೀವು ನೋಡಿರಬೇಕು. ಬಸ್ಸಿಗೆ, ರೇಷನ್ನಿಗೆ, ದೇವರ ಪ್ರಸಾದಕ್ಕೆ ನೂಕುವ ಜನ ಇಲ್ಲಿ ಮಾತ್ರ ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. “ಸ್ವಾಮಿ, ಐದು ನಿಮಿಷ ನನ್ನ ಜಾಗ ನೋಡಿಕೋ” ಎಂದು ನನ್ನನ್ನು ನಿಲ್ಲಿಸಿ ಅವನು ಮೀನು ಕೊಳ್ಳಲು ಹೋದ. ಸರಿಯಾಗಿ ಅದೇ ಐದು ನಿಮಿಷದಲ್ಲಿ, ಊರು ನೋಡಲು ಬಂದಿದ್ದ ಕುಂಬಳೆಯ ನನ್ನ ದೊಡ್ಡ ಮಾವ ಸಂಸಾರ ಸಮೇತ ಎದುರಿನ ರಸ್ತೆಯಲ್ಲಿ ಹಾದುಹೋಗಬೇಕೆ! ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಕಥೆ ಗೊತ್ತಲ್ಲ, ನನ್ನ ಕೈಯಲ್ಲಿ ಮಜ್ಜಿಗೆಯೂ ಇರಲಿಲ್ಲ. ಮಾವ ನನ್ನನ್ನು ನೋಡಿದರು, ಫಲಕವನ್ನು ನೋಡಿದರು, ಏನೂ ನೋಡದವರ ಹಾಗೆ ಹೋದರು. ಆ ವಾರವೇ ಅಮ್ಮ ಫೋನು ಮಾಡಿ, “ಅಲ್ಲಿ ಊಟ ತಿಂಡಿ ಎಲ್ಲ ಸರಿ ಆಗ್ತದಾ ಮಗಾ? ಮದುವೆಗೆ ಇನ್ನು ತಡ ಮಾಡುವುದು ಬೇಡ” ಎಂದಳು. ನನ್ನ ಮದುವೆ ಅಷ್ಟು ಬೇಗ ಆದದ್ದಕ್ಕೆ ಆ ಸಾಲೇ ಕಾರಣ ಎಂದು ಶೈಲಜಾ ಈಗಲೂ ಹಂಗಿಸುತ್ತಾಳೆ.

ನಮ್ಮ ಮನೆಯಲ್ಲಿ ಮದ್ಯದ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳಬೇಕಿತ್ತು. ಆದರೆ ಅಜ್ಜಿಯ ಕೋಣೆಯ ಕಿಟಕಿಯಲ್ಲಿ ದಶಮೂಲಾರಿಷ್ಟದ ಕಂದು ಬಾಟಲಿ ಯಾವಾಗಲೂ ಇರುತ್ತಿತ್ತು. ಬಾಣಂತಿಯರ ಔಷಧ ಅದು. ಅಜ್ಜಿಯ ಕೊನೆಯ ಹೆರಿಗೆಯ ಮಗು ನನ್ನ ಚಿಕ್ಕಪ್ಪ, ಅವರ ಮೀಸೆ ಆಗಲೇ ಬೆಳ್ಳಗಾಗಿತ್ತು. ಆದರೂ ಅಜ್ಜಿಗೆ ಸಂಜೆ ದೀಪ ಹಚ್ಚಿದ ಮೇಲೆ ಒಂದು ಔನ್ಸು ಆಗಲೇಬೇಕು. ಅರಿಷ್ಟವೆಂದರೆ ಬೆಲ್ಲ ಹಾಕಿ ಹುದುಗು ಬರಿಸಿದ ಕಷಾಯ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಮಗೆ ಮಕ್ಕಳಿಗೆ ತಿಳಿದಿದ್ದದ್ದು ಇಷ್ಟೇ. ಹಗಲಿಡೀ ಯಾರ ಮೇಲಾದರೂ ಹರಿಹಾಯುವ ಅಜ್ಜಿ ಆ ಒಂದು ಔನ್ಸಿನ ಮೇಲೆ ಗೋಡೆಗೊರಗಿ, ಕಾಲು ಚಾಚಿ, ತನ್ನ ತವರಿನ ಕಥೆ ಹೇಳುತ್ತಿದ್ದಳು. ಸತ್ತುಹೋದ ತನ್ನ ತಂಗಿಯ ದನಿಯಲ್ಲಿ ಸೋಬಾನೆ ಹೇಳುತ್ತಿದ್ದಳು. ನಾವು ಅವಳ ತೊಡೆಗೆ ಒತ್ತಿಕೊಂಡು ಕೂರುತ್ತಿದ್ದೆವು. ಬೆಳಿಗ್ಗೆ ಎದ್ದರೆ ಮತ್ತೆ ಅದೇ ಉಗ್ರಾವತಾರ. ಕುಡಿಯುವವರ ವಂಶ ನಿರ್ವಂಶವಾಗಲಿ ಎಂದು ಶಾಪ ಹಾಕುತ್ತಿದ್ದವಳೂ ಅವಳೇ.

ಈ ಅಜ್ಜಿಯ ಕಥೆಯನ್ನು ಮಗಳು ಮೇಧಾಳ ಮುಂದೆ ಹೇಳಬಾರದಿತ್ತು. ಅವಳು ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ, ಬಿಸಿ ಏರಿದರೆ ಇಂಗ್ಲಿಷಿನಲ್ಲಿ. ಡಾಕ್ಟರಲ್ಲಿಗೆ ಹೋಗಿಬಂದ ದಿನ ನನ್ನ ಮುಖ ನೋಡಲಾರದೆ ಅವಳು ಒಂದು ಪಾಠವನ್ನೇ ಮಾಡಿದಳು. ನಮ್ಮ ಪೂರ್ವಜರು ಮರದಿಂದ ನೆಲಕ್ಕಿಳಿದಾಗ, ಬಿದ್ದು ಹುಳಿ ಬಂದ ಹಣ್ಣನ್ನು ತಿಂದರಂತೆ. ಅದನ್ನು ಅರಗಿಸಿಕೊಂಡವರು ಹಸಿವಿನ ದಿನಗಳಲ್ಲಿ ಉಳಿದುಕೊಂಡರಂತೆ. ಮನುಷ್ಯ ಧಾನ್ಯ ಬೆಳೆಯತೊಡಗಿದ್ದು ರೊಟ್ಟಿಗಲ್ಲ, ಮದ್ಯಕ್ಕೆ ಎನ್ನುವವರೂ ಇದ್ದಾರಂತೆ. ಮಂಗಗಳು ಒಂದರ ಮೈಯ ಹೇನನ್ನು ಇನ್ನೊಂದು ಹೆಕ್ಕಿ ಸ್ನೇಹ ಬೆಳೆಸುತ್ತವೆ. ಮನುಷ್ಯರ ಗುಂಪು ದೊಡ್ಡದಾದ ಮೇಲೆ ಹಾಗೆ ಒಬ್ಬೊಬ್ಬರದೇ ಹೆಕ್ಕುತ್ತ ಕೂರಲು ಪುರಸೊತ್ತೆಲ್ಲಿ? ಒಟ್ಟಿಗೆ ಕುಡಿದು ನಕ್ಕು ಹಾಡಿದರೆ ಒಂದೇ ಸಂಜೆಗೆ ಎಲ್ಲರ ಹೇನೂ ಹೆಕ್ಕಿದಂತಾಯಿತು.

“ಹಾಗಾದ್ರೆ ನಾನು ಯಾರ ವಂಶ?” ಎಂದು ಕೇಳಿದೆ. “ಎಲ್ಲರೂ ಹಣ್ಣು ತಿಂದು ಬಿದ್ದಾಗ ಹುಲಿ ಬರ್ತದಾ ಅಂತ ನೋಡ್ಲಿಕ್ಕೆ ಒಬ್ಬನನ್ನು ಕೂರಿಸಿರಬೇಕು. ಅವನ ವಂಶವಾ?”

“ಇರಬಹುದಪ್ಪಾ. ಆ ಅಜ್ಜನಿಗೆ ಕುರುಕಲು ಏನಾದರೂ ಕಾಳು ಕೊಟ್ಟಿರುತ್ತಾರೆ” ಎಂದು ಅವಳು ಮಲಯಾಳದಲ್ಲಿ ಹೇಳಿ, ತಾಯಿಯ ಮುಖ ನೋಡಿ ನಕ್ಕಳು. ಮನೆಯಲ್ಲಿ ನನ್ನ ಮರ್ಯಾದೆ ಇಷ್ಟು.

ಈ ಗೋಳಿನ ನಡುವೆಯೇ ವರ್ಗೀಸ್‌ನ ಹೆಂಡತಿ ಲಿಸಿಯ ಫೋನು ಬಂತು. ವರ್ಗೀಸ್ ನಿವೃತ್ತನಾಗಿ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳ ಮನೆಯ ಹತ್ತಿರ ಇರಬೇಕೆಂದು ಉಳ್ಳೂರಿಗೇ ಬಂದು ನೆಲೆಸಿದ್ದಾನೆ. ಓಣಂ ಮುಗಿದ ಮೇಲೆ ಒಂದು ದಿನ ಅವನು ರಕ್ತ ಕಾರಿದ. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಇನ್ನೊಂದು ಗ್ಲಾಸು ಮುಟ್ಟಿದರೆ ನನ್ನ ಹತ್ತಿರ ಬರಬೇಡಿ, ನೇರವಾಗಿ ಪಾದ್ರಿಯ ಹತ್ತಿರ ಹೋಗಿ ಎಂದರಂತೆ. ವರ್ಗೀಸ್ ಅವತ್ತಿನಿಂದ ಬಿಟ್ಟ. ಬಿಟ್ಟದ್ದೇ ತಡ, ಸಂಜೆ ಬರುತ್ತಿದ್ದ ಗೆಳೆಯರೂ ಅವನನ್ನು ಬಿಟ್ಟರು. ಕುಡಿಯದವನ ಎದುರು ಕುಡಿಯಲು ಅವರಿಗೆ ಮುಜುಗರ, ಕುಡಿಯದೆ ಅವನ ಎದುರು ಕೂರಲು ಗೊತ್ತಿಲ್ಲ.

“ಆರು ಗಂಟೆಯಾದರೆ ಗೇಟನ್ನೇ ನೋಡುತ್ತ ಕೂತಿರುತ್ತಾರೆ, ಭಟ್ ಸಾರೇ” ಎಂದಳು ಲಿಸಿ. “ಕುಡಿತದ ಆಸೆಯನ್ನು ಹೇಗೋ ತಡೆದುಕೊಂಡಾರು. ಯಾರೂ ಬರುವುದಿಲ್ಲವಲ್ಲ, ಅದನ್ನು ತಡೆದುಕೊಳ್ಳಲಾರರು. ಹೀಗೇ ಆದರೆ ಒಂದು ದಿನ ಅವರೇ ಎದ್ದು ಹೋಗಿಬಿಡುತ್ತಾರೆ. ಆಮೇಲೆ ನನಗೆ ವರ್ಗೀಸ್ ಸಿಗುವುದಿಲ್ಲ. ಸಾರ್, ನೀವು ಬಂದು ಕೂರುತ್ತೀರಾ?”

ಫೋನಿಟ್ಟು ನಾನು ಶೈಲಜಾಳ ಮೇಲೆ ಕೂಗಾಡಿದೆ. ಕುಡಿಯುವಾಗಲೂ ನಾನೇ ಕಾಯಬೇಕು, ಬಿಟ್ಟಾಗಲೂ ನಾನೇ ಕಾಯಬೇಕು, ನಾನೇನು ಇವರಿಗೆ ಬರೆದುಕೊಟ್ಟಿದ್ದೇನಾ ಎಂದೆ. ಅವಳು ಕೂಗಾಟ ಮುಗಿಯುವ ತನಕ ಬಟ್ಟೆ ಮಡಚಿ, “ಆಯ್ತಲ್ಲ? ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಹಾಕಿಕೊಂಡು ಹೋಗಿ” ಎಂದಳು.

ಹೋದೆ. ಮಾರನೆಯ ದಿನವೂ ಹೋದೆ. ಇಬ್ಬರು ಗಂಡಸರು ಎದುರುಬದುರು ಕುಳಿತು, ನಡುವೆ ಬಾಟಲಿಯಿಲ್ಲದೆ ಎರಡು ಗಂಟೆ ಕಳೆಯುವುದಿದೆಯಲ್ಲ, ಅದರಷ್ಟು ಕಷ್ಟದ ಕೆಲಸ ಬ್ಯಾಂಕಿನಲ್ಲೂ ಇಲ್ಲ. ಲಿಸಿ ಚಹಾ ಕೊಟ್ಟಳು. ಎರಡು ನಿಮಿಷದಲ್ಲಿ ಮುಗಿಯಿತು. ಚಹಾಕ್ಕೆ ಆಯುಷ್ಯವೇ ಇಲ್ಲ. ಬಿಸಿ ಆರುವ ಮುಂಚೆ ಕುಡಿಯಬೇಕು, ಕುಡಿದರೆ ಏಳಬೇಕು. ಲಿಂಬೆ ಸೋಡಾ ತಂದಳು. ತೇಗು ಬಂತು, ಮಾತು ಬರಲಿಲ್ಲ. ಕೇರಂ ಆಡಿದೆವು. ಸೋತಾಗ ವರ್ಗೀಸ್ ಮಂಡೆಬೆಚ್ಚ ಮಾಡಿಕೊಂಡು ಸ್ಟ್ರೈಕರನ್ನು ಕಿಟಕಿಯ ಹೊರಗೆಸೆದ. ಮೂವತ್ತು ವರ್ಷ ತಾರಸಿಯ ಮೇಲೆ ದೋಣಿಯ ಹಾಡು ಹೇಳಿ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿದವನು ಈಗ ಪಂಖದ ಕಡೆ ನೋಡುತ್ತ ಕುಳಿತಿರುತ್ತಿದ್ದ. ಇವನು ಕುಡಿಯುತ್ತಿದ್ದಾಗ ಒಂದು ಸಲವಾದರೂ ಬಾಯಿ ಮುಚ್ಚಲಿ ಎಂದು ನಾನು ಹಾರೈಸಿದ್ದೆ. ದೇವರು ಯಾರ ಯಾವ ಪ್ರಾರ್ಥನೆಯನ್ನು ಯಾವಾಗ ನಡೆಸಿಕೊಡುತ್ತಾನೆಂದು ಹೇಳಲಾಗದು.

ಹೀಗಿರುವಾಗ ಶಶಿಯ ಮಗನ ಮದುವೆ ಬಂತು. ಆರತಕ್ಷತೆ ಫೋರ್ಟ್ ಕೊಚ್ಚಿಯ ಒಂದು ಹೋಟೆಲಿನಲ್ಲಿ. ಹಿಂದಿನ ದಿನವೇ ಎಲ್ಲರೂ ಬಂದು ಸೇರಬೇಕೆಂದು ಶಶಿಯ ಹಟ. ಹೋಗದಿದ್ದರೆ ವರ್ಗೀಸ್ ಮನೆಯಲ್ಲೇ ಕೊರಗಿ ಸಾಯುತ್ತಾನೆ, ಹೋದರೆ ಅಲ್ಲಿ ಬಾಟಲಿ ಕಾದಿರುತ್ತದೆ. ಕೊನೆಗೆ ಲಿಸಿಯೇ ಹೋಗೋಣ ಎಂದಳು. ಕಾರು ಓಡಿಸಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ. ಹಿಂದೆ ಶೈಲಜಾ, ಲಿಸಿ. ಪಕ್ಕದಲ್ಲಿ ವರ್ಗೀಸ್. ಆಲಪ್ಪುಳ ದಾಟಿದ ಮೇಲೆ ಲಿಸಿ ಹಿಂದಿನಿಂದ ಮೆಲ್ಲಗೆ, “ಸಾರ್ ಇದ್ದೀರಲ್ಲ” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಮುಂದಿನ ಲಾರಿಗೆ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.

ಸಂಜೆ ಹೋಟೆಲಿನ ಕೋಣೆಯಲ್ಲಿ ಹಳೆಯ ಏಲೂರು ಕಂಪನಿ ಪೂರ್ತಿ ಸೇರಿತು. ಎಂಜಿನಿಯರುಗಳಿಬ್ಬರೂ ನರೆತಿದ್ದರು. ಶಶಿ ವರನ ತಂದೆಯ ಗತ್ತಿನಲ್ಲಿ ಬಾಟಲಿ ತೆರೆದು ಸಾಲಾಗಿ ಹೊಯ್ಯುತ್ತ ಬಂದವನು, ಕೈಯ ಅಭ್ಯಾಸದಲ್ಲಿ ವರ್ಗೀಸ್‌ನ ಮುಂದೆಯೂ ಒಂದು ಗ್ಲಾಸಿಟ್ಟು ಹೊಯ್ದುಬಿಟ್ಟ. ಹೊಯ್ದ ಮೇಲೆ ಅವನಿಗೆ ನೆನಪಾಯಿತು. ಗ್ಲಾಸನ್ನು ಹಿಂದಕ್ಕೆ ತೆಗೆಯಲು ಅವನಿಗೆ ಕೈ ಬರಲಿಲ್ಲ. ವರ್ಗೀಸ್ ಆ ಗ್ಲಾಸನ್ನು ನೋಡುತ್ತಿದ್ದ. ನನಗೆ ಭಯವಾಯಿತು. ನಾನು ಅವನ ಕೈ ಹಿಡಿಯಬೇಕೆ, ಗ್ಲಾಸನ್ನು ಚೆಲ್ಲಬೇಕೆ, ತಿಳಿಯದೆ ಮೂರ್ಖನ ಹಾಗೆ ಬಾಯಿತುಂಬ ಚಿಪ್ಸು ತುಂಬಿಕೊಂಡು ಕೂತಿದ್ದೆ.

“ಸ್ವಾಮಿ, ಹೊರಗೆ ಬಾ” ಎಂದು ವರ್ಗೀಸ್ ಎದ್ದ.

ಹೋಟೆಲಿನಿಂದ ಕಡಲ ದಂಡೆಗೆ ಎರಡು ಹೆಜ್ಜೆ. ಚೀನಾ ಮಾದರಿಯ ದೊಡ್ಡ ಮೀನುಬಲೆಗಳ ಹತ್ತಿರ ಪ್ರವಾಸಿಗರ ಗದ್ದಲ, ಮೀನಿನ ವಾಸನೆ. ಒಂದು ಕಲ್ಲಿನ ಕಟ್ಟೆಯ ಮೇಲೆ ಅವನು ಕುಳಿತ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡ.

“ಎಡೋ, ಡಾಕ್ಟರು ಹೇಳಿದ್ದಾರೆ. ಆಸೆ ಬಂದರೆ ಅರ್ಧ ಗಂಟೆ ಹಿಡಿದುಕೊಳ್ಳಬೇಕು, ಆಮೇಲೆ ತಾನೇ ಹೋಗುತ್ತದಂತೆ. ಆ ಅರ್ಧ ಗಂಟೆ ನೀನು ಮಾತಾಡು. ಏನಾದರೂ ಮಾತಾಡು. ಸುಮ್ಮನಿದ್ದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ.”

ನೋಡಿ, ಜೀವಮಾನವಿಡೀ ನನಗೆ ಮಾತಾಡಲು ಬಿಡಲಿಲ್ಲ ಎಂದು ಗೊಣಗಿದವನು ನಾನು. ಈಗ ಒಬ್ಬ ಮನುಷ್ಯನ ಪ್ರಾಣ ನನ್ನ ನಾಲಿಗೆಯ ಮೇಲೆ ಕೂತಿತ್ತು, ನನಗೆ ಒಂದು ಶಬ್ದ ಹೊಳೆಯಲಿಲ್ಲ. ಸೆಖೆ ಜಾಸ್ತಿ ಎಂದೆ. ಅವನು ಹೂಂ ಎಂದ. ಶಶಿಯ ಸೊಸೆ ಚೆನ್ನಾಗಿದ್ದಾಳೆ ಎಂದೆ. ಅವನು ಹೋಟೆಲಿನ ಕಡೆಗೆ ತಿರುಗಿದ. ಹೆದರಿಕೆಯಲ್ಲಿ ನನ್ನ ಬಾಯಿಗೆ ಬಂದದ್ದು ಬೈಗುಳ.

“ನಿಮ್ಮಿಂದ ನನ್ನ ಲಿವರ್ ಹೋಯಿತು, ಗೊತ್ತಾ? ಮೂವತ್ತು ವರ್ಷ ನನ್ನನ್ನು ಡ್ರೈವರ್ ಮಾಡಿಕೊಂಡಿರಿ! ಸಂಬಳವಿಲ್ಲದ ಡ್ರೈವರ್! ಓಡಿಸಲು ಬಾರದವನನ್ನು ಶಾಲೆಗೆ ಹಾಕಿ ಡ್ರೈವರ್ ಮಾಡಿದಿರಲ್ಲ, ನಿಮಗೆ ನಾಚಿಕೆಯಾಗಲಿಲ್ಲವಾ?”

ವರ್ಗೀಸ್ ಹೋಟೆ‌ಲಿನಿಂದ ಕಣ್ಣು ಕಿತ್ತು ನನ್ನನ್ನು ನೋಡಿದ. ಅವನ ಮುಖದಲ್ಲಿ ನಗೆಯಂಥದು ಏನೋ ಬಂತು.

“ಸ್ವಾಮಿ, ಶಬರಿಮಲೆಗೆ ಮಾಲೆ ಹಾಕಿದರೆ ಮಂಡಲಕಾಲ ಪೂರ್ತಿ ಶಶಿ ಕುಡಿಯುತ್ತಿದ್ದನೇ?”

“ಇಲ್ಲ. ಸೋಡಾ.”

“ಈಸ್ಟರಿನ ಮುಂಚೆ ನೋಂಬಿನ ವ್ರತ ಬಂದರೆ ನಾನು ಮುಟ್ಟುತ್ತಿದ್ದೆನೇ?”

“ಇಲ್ಲ.”

“ಕಾರು ಶಶಿಯದು. ಓಡಿಸಲು ಅವನಿಗೂ ಬರುತ್ತಿತ್ತು, ನನಗೂ ಬರುತ್ತಿತ್ತು. ಆಗೆಲ್ಲ ಕೀ ಯಾರ ಕೈಯಲ್ಲಿರುತ್ತಿತ್ತು?”

ನನ್ನ ಕೈಯಲ್ಲಿ. ಆ ದಿನಗಳಲ್ಲೂ ನಾನೇ ಓಡಿಸುತ್ತಿದ್ದೆ, ಗೊಣಗುತ್ತಲೇ ಓಡಿಸುತ್ತಿದ್ದೆ. ಇಷ್ಟು ವರ್ಷ ನನಗೆ ಈ ಪ್ರಶ್ನೆಯೇ ಬಂದಿರಲಿಲ್ಲ.

“ಮೊದಲು ಎರಡು ಸಲ ಕರೆದಾಗ ನೀನು ಬರಲಿಲ್ಲ” ಎಂದ ವರ್ಗೀಸ್. “ಕುಡಿಯದವನು ಬಂದು ಏನು ಮಾಡಲಿ ಅಂದೆ. ಸಂಜೆ ಆ ನಿನ್ನ ರೂಮಿನಲ್ಲಿ ನೀನು ದೀಪ ಹಾಕದೆ ಕೂತಿರುತ್ತಿದ್ದೆ. ಲಿಸಿ ಚರ್ಚಿಗೆ ಹೋಗುವಾಗ ನೋಡಿದ್ದಳು. ಆ ಹುಡುಗನಿಗೆ ಏನಾದರೂ ಕೆಲಸ ಕೊಡಿ, ಕೆಲಸ ಇಲ್ಲದೆ ಅವನು ಯಾರ ಮನೆಗೂ ಬರುವವನಲ್ಲ ಅಂತ ಅವಳೇ ಹೇಳಿದ್ದು. ನಿನಗೆ ಯಾವ ಕೆಲಸ ಕೊಡುವುದು? ಅದಕ್ಕೇ ಡ್ರೈವಿಂಗ್ ಶಾಲೆ.”

ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಏಲೂರಿನ ಆ ಕೋಣೆಯಲ್ಲಿ ಸಂಜೆಯ ಹೊತ್ತು ಗೋಡೆಗೊರಗಿ ಕುಳಿತು, ಕಾರ್ಖಾನೆಯ ಹೊಗೆಯ ವಾಸನೆ ಕುಡಿಯುತ್ತ, ನಾಳೆಯೇ ಕೆಲಸ ಬಿಟ್ಟು ಊರಿಗೆ ಹೋಗಿಬಿಡುತ್ತೇನೆ ಎಂದುಕೊಂಡ ದಿನಗಳನ್ನು ನಾನು ಯಾರಿಗೂ ಹೇಳಿರಲಿಲ್ಲ. ಶೈಲಜಾಳಿಗೂ ಹೇಳಿರಲಿಲ್ಲ. ಅದನ್ನು ಹೇಳತೊಡಗಿದೆ. ಹೋಟೆಲಿನಲ್ಲಿ ಒಬ್ಬನೇ ಉಣ್ಣುವಾಗ ಗಂಟಲಲ್ಲಿ ಇಳಿಯದ ಅನ್ನದ ಬಗ್ಗೆ ಹೇಳಿದೆ. ಮಲಯಾಳ ಸರಿಯಾಗಿ ಬಾರದೆ ಕೌಂಟರಿನಲ್ಲಿ ಜನ ನಕ್ಕಾಗ ನಾನೂ ನಕ್ಕು, ಆಮೇಲೆ ಸ್ಟ್ರಾಂಗ್ ರೂಮಿನೊಳಗೆ ಹೋಗಿ ನಿಂತದ್ದನ್ನು ಹೇಳಿದೆ. ಶನಿವಾರ ಬರುವುದನ್ನು ಕಾಯುತ್ತ, ಕಾಯುತ್ತಿಲ್ಲ ಎಂದು ನನಗೇ ಹೇಳಿಕೊಂಡದ್ದನ್ನು ಹೇಳಿದೆ. ಅಪ್ಪ ತೀರಿಕೊಂಡು, ಕ್ರಿಯೆ ಮುಗಿಸಿ ಊರಿಂದ ಬಂದ ವಾರ ತಾರಸಿಯಲ್ಲಿ ಎಲ್ಲರೂ ಹಾಡುತ್ತಿದ್ದಾಗ, ನನ್ನನ್ನೂ ಯಾರಾದರೂ ಏನಾಯಿತು ಎಂದು ಕೇಳಲಿ ಎಂದು ಕಾದದ್ದು, ಯಾರೂ ಕೇಳದಿದ್ದಾಗ ಅವರೆಲ್ಲರ ಮೇಲೆ ಬಂದ ಸಿಟ್ಟು, ಅದೇ ಸಿಟ್ಟಿನಲ್ಲಿ ತಟ್ಟೆ ಖಾಲಿ ಮಾಡಿದ್ದು, ಎಲ್ಲ ಹೇಳಿದೆ. ಬಲೆಗಳ ಆಚೆ ಹೊತ್ತು ಮುಳುಗಿದ್ದು ಗೊತ್ತಾಗಲಿಲ್ಲ. ಕಣ್ಣು ಒರೆಸಿಕೊಂಡು ಪಕ್ಕಕ್ಕೆ ನೋಡಿದಾಗ ವರ್ಗೀಸ್ ಗಲ್ಲಕ್ಕೆ ಕೈಕೊಟ್ಟು ಕೇಳುತ್ತ ಕೂತಿದ್ದ.

“ಎಡೋ ಸ್ವಾಮಿ, ಆಗಿನಿಂದ ನೀನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೀ, ಗೊತ್ತಾ?” ಎಂದು ಕೇಳಿದ.

ಕನ್ನಡದಲ್ಲಿ. ಯಾವಾಗ ಹೊರಳಿದೆನೋ ದೇವರಿಗೇ ಗೊತ್ತು. ನನಗೆ ಅವಮಾನವಾದಂತಾಗಿ ರೇಗಿಬಿಟ್ಟೆ. “ಮತ್ತೆ ಹೇಳಬಾರದಿತ್ತಾ? ತಲೆ ಆಡಿಸಿಕೊಂಡು ಕೂತಿದ್ದೀಯಲ್ಲ, ಒಂದಕ್ಷರವಾದರೂ ಅರ್ಥವಾಯಿತಾ ನಿನಗೆ?”

“ಇಲ್ಲ” ಎಂದ ವರ್ಗೀಸ್. “ನಾಲ್ಕು ಪೆಗ್ ಆದ ಮೇಲೆ ನಾನು ಹೇಳಿದ್ದೆಲ್ಲ ನಿನಗೆ ಅರ್ಥವಾಗಿತ್ತಾ? ಆದರೂ ನೀನು ಕೂತಿರಲಿಲ್ಲವಾ?”

ಅವನ ಕೈಗಳು ತೊಡೆಯ ಕೆಳಗಿನಿಂದ ಹೊರಗೆ ಬಂದಿದ್ದವು. ಅರ್ಧ ಗಂಟೆ ಯಾವಾಗಲೋ ಕಳೆದಿತ್ತು. ನಾನು ಏಳಲು ಹೊರಟೆ. ವರ್ಗೀಸ್ ನನ್ನ ತೋಳು ಹಿಡಿದು ಮತ್ತೆ ಕೂರಿಸಿದ.

“ಮುಂದೆ ಹೇಳು” ಎಂದ.